ಅನುಬಂಧ ಮೂರು

ನಾಳೆ ಸಂಜೆ ಐದಕ್ಕೆ ಕೊನೆ.
ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲೆ, ಸೊಸೈಟಿಯ ಹಳೇ ಕೋಣೆಯಲ್ಲಿ
ನಾನು, ಇನಾಸ ಮೇಸ್ತ್ರಿ, ಕಡ ತಂದ ಲ್ಯಾಪ್‌ಟಾಪು.
ಕೆಳಗೆ ಬರ್ಫ ಒಡೆದಾಗೆಲ್ಲ
ಮೇಜು ನಡುಗುತ್ತದೆ,
ಕರ್ಸರ್ ಮಾತ್ರ ನಿಂತಲ್ಲೇ ಮಿಟುಕುತ್ತದೆ.

ಕಾಲಂ ಒಂದು: ಸಂಸ್ಥೆಯ ಹೆಸರು.
ಅದು ಸುಲಭ.
ಕಾಲಂ ನಾಲ್ಕು: ಮುಖ್ಯ ತರಬೇತುದಾರರ ವಿದ್ಯಾರ್ಹತೆ.
"ಮೂರನೇ ಇಯತ್ತೆ," ಅಂದ ಇನಾಸ, "ಅದೂ ಅರ್ಧ.
ಶಾಲೆಯ ಪಾಗಾರಕ್ಕೆ ಕಲ್ಲು ಹೊರಿಸಿದರು ಮಾಸ್ತರು,
ಆಮೇಲೆ ನಾನು ಒಳಗೆ ಹೋಗಲೇ ಇಲ್ಲ."
ಪಟ್ಟಿಯಲ್ಲಿ ಅರ್ಧಕ್ಕೆ ಜಾಗವಿಲ್ಲ.
'ಇತರೆ' ಒತ್ತಿದೆ.

ಫಲಾನುಭವಿಗಳು: ಇಪ್ಪತ್ನಾಲ್ಕು.
ಸಂಖ್ಯೆ ಸಾಕು, ಹೆಸರು ಬೇಡ ಅಂತ ಸೂಚನೆ.
ಬೆರಳು ಮಡಚುವಾಗ ಬರುವುದು ಹೆಸರೇ:
ಅಪ್ಪ ದೋಣಿ ಮಾರಿದ ಮೇಲೆ
ಬಂದರಿನಲ್ಲಿ ಬುಟ್ಟಿ ಹೊರುವ ಸಂಕೇತ ತಾಂಡೇಲ,
ಗಣಪು ಆಗೇರ,
ಹಳಿಯಾಳದಿಂದ ಅಕ್ಕನ ಮನೆಗೆ ಬಂದು ಉಳಿದ ಜುಜೆ ಸಿದ್ದಿ,
ಎರಡು ಚೀಲ ಸಿಮೆಂಟು ಒಟ್ಟಿಗೆ ಹೊತ್ತು
ಒಂದರ ಕೂಲಿ ಪಡೆಯುವವನು.
ತೋಡೂರು ಕಾಲೊನಿಯ ವೈಷ್ಣವಿ ಪಡ್ತಿ:
"ಹೊಲಿಗೆ ಕ್ಲಾಸು ಸಾಕಾಯ್ತು, ಸಳಿ ಬಗ್ಗಿಸೋದು ಕಲಿಸಿ."
ಅವಳ ಅಜ್ಜಿಯ ಮನೆ ಇದ್ದಲ್ಲಿ
ಈಗ ನೌಕಾನೆಲೆಯ ಮಾಳಿಗೆಗಳು ಏಳುತ್ತಿವೆ.
ಗಾರೆ ಕಲಸುವವರು ಝಾರ್ಖಂಡದ ಹುಡುಗರು;
ಅವರ ಮೇಲೆ ಸಿಟ್ಟಿಲ್ಲ ಅವಳಿಗೆ,
ಗೇಟಿನ ಪಾಸು ಹೇಗೆ ಸಿಗುತ್ತದೆಂದು
ಅವರನ್ನೇ ಕೇಳಿಕೊಂಡು ಬಂದಿದ್ದಾಳೆ.

ಅಪಾಯಗಳು: ಜೂನ್, ಎಂದು ಬರೆದೆ.
ಪರಿಹಾರ: ಸೆಪ್ಟೆಂಬರ್.

ಬಜೆಟ್ಟು.
ಹೆಲ್ಮೆಟ್ಟು, ಕರಣೆ, ರಸಮಟ್ಟ, ಗುಂಡುದಾರ,
ಮಧ್ಯಾಹ್ನಕ್ಕೆ ಪಾವು, ಭಾಜಿ. ಇದು ಇನಾಸನ ಹಟ,
"ಹಸಿದವನ ಗೋಡೆ ಒಳಕ್ಕೆ ವಾಲುತ್ತದೆ."
ಚಿರೇಕಲ್ಲು ಆರುನೂರು.
"ಸಿಮೆಂಟು?"
"ಮೊದಲ ತಿಂಗಳು ಬೇಡ, ಕೆಮ್ಮಣ್ಣು ಸಾಕು.
ಬೆಳಿಗ್ಗೆ ಕಟ್ಟಬೇಕು, ಸಂಜೆ ಬಿಚ್ಚಬೇಕು,
ಮರುದಿನ ಅದೇ ಕಲ್ಲು."
"ಹಾಗಾದರೆ ತಿಂಗಳ ಕೊನೆಗೆ ಏನು ನಿಂತಿರುತ್ತದೆ?"
"ಏನೂ ಇಲ್ಲ," ಅಂದ, ಹೆಮ್ಮೆಯಿಂದ.

ಕಾಲಂ ಹದಿನೇಳು ಕೇಳುತ್ತದೆ:
ಯೋಜನೆಯಿಂದ ನಿರ್ಮಾಣವಾಗುವ ಶಾಶ್ವತ ಆಸ್ತಿ ಯಾವುದು?
ಇನ್ನೂರು ಪದ ಮೀರದಂತೆ.
ಮೂವತ್ತು ಗೋಡೆ ಎಂದು ಬರೆದೆ, ಅಳಿಸಿದೆ.
ಸೊನ್ನೆ ಎಂದು ಬರೆದೆ, ಅಳಿಸಿದೆ.
ಮೀನುಗಾರರ ಸೊಸೈಟಿಯಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವಳು,
ಇಲ್ಲದ ಮೀನನ್ನು ತೋರಿಸುವುದು ಗೊತ್ತು.
ಬಿಚ್ಚಿದ ಗೋಡೆಯನ್ನು ಯಾವ ಬಾಬ್ತಿನಲ್ಲಿ ತೋರಿಸಲಿ?

ಹನ್ನೆರಡೂವರೆ.
'ಅವಶ್ಯಕತೆಗೆ ಪುರಾವೆ' ಎಂಬಲ್ಲಿ ತುಂಬಲು
ಜಿಲ್ಲೆಯ ಅಂಕಿಅಂಶ ಹುಡುಕುತ್ತಿದ್ದೆ.
ಇನಾಸ ಬೇಸರಕ್ಕೆ ಚೀಲದಿಂದ ಗುಂಡುದಾರ ತೆಗೆದು
ಕಿಟಕಿಯ ಮೇಲಿನ ಮೊಳೆಗೆ ಇಳಿಬಿಟ್ಟ.
ಬರ್ಫದ ಯಂತ್ರ ನಿಲ್ಲುವವರೆಗೆ ಕಾದ.
ಗುಂಡು ಸುಮ್ಮನಾಯಿತು.
ಮೇಲೆ ದಾರ ಗೋಡೆಗೆ ತಾಗಿತ್ತು,
ಕೆಳಗೆ, ನಡುವೆ ಒಂದೂವರೆ ಬೆರಳು.

"ಓರೆ," ಅಂದೆ.
ಬಹಳ ಹೊತ್ತು ಮಾತಿಲ್ಲ.
"ಇದನ್ನು ಕಟ್ಟಿದ್ದು ನಾನೇ. ಎಂಬತ್ತಾರರಲ್ಲಿ.
ಹದಿನಾರು ವಯಸ್ಸು. ದೊಡ್ಡ ಮೇಸ್ತ್ರಿ ಕುಡಿದು ಮಲಗಿದ್ದ,
ಕಣ್ಣಳತೆಯಲ್ಲೇ ಏರಿಸಿದೆ.
ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿ."

ಈ ಗೋಡೆಗೇ ಕಪಾಟು ಒರಗಿಸಿ
ಅದರ ಕಾಲಡಿ ವರ್ಷವರ್ಷವೂ ರಟ್ಟು ಮಡಚಿ ಇಟ್ಟವಳು ನಾನು.
ಬೈದದ್ದು ನೆಲವನ್ನು.

ಮೊಬೈಲಿನಲ್ಲಿ ಫೋಟೊ ತೆಗೆದೆ:
ದಾರ, ಗುಂಡು, ನೆರಳು, ಒಂದೂವರೆ ಬೆರಳು.
"ಕೆಳಗೆ ನನ್ನ ಹೆಸರು ಹಾಕು," ಅಂದ,
"ಕಾಲಂ ನಾಲ್ಕರಲ್ಲಿ ಇರುವುದನ್ನೇ."
ಅನುಬಂಧ ಮೂರು ಎಂದು ಲಗತ್ತಿಸಿದೆ.
ಫೈಲು ದೊಡ್ಡದಾಯಿತೆಂದು ಪೋರ್ಟಲು ತಿರಸ್ಕರಿಸಿತು.
ಸಣ್ಣದು ಮಾಡಿ ಮತ್ತೆ ಹಾಕಿದೆ.
ಗೋಡೆ ಆಗಲೂ ಓರೆಯೇ ಇತ್ತು.