ಬೆಳ್ಳಿ ಕಾಗದ

ಸುವಾದ ಮಾರ್ಕ್ಸ್ ಬೀದಿ, ಬಟ್ಟೆಯಂಗಡಿಯ ಮೇಲಿನ ಮಹಡಿ.
ಮೂವತ್ತೊಂದು ವರ್ಷದಿಂದ ಇಲ್ಲಿ ಹಲ್ಲು ಕೀಳುತ್ತಿದ್ದೇನೆ.
ಸಂಜೆ, ಕೊನೆಯ ಬಾಯಿ ಮುಚ್ಚಿದ ಮೇಲೆ
ಅದೇ ದೀಪ, ಅದೇ ಭೂತಗನ್ನಡಿ, ಅದೇ ಬಗ್ಗಿದ ಬೆನ್ನು,
ಟ್ರೇ ಮಾತ್ರ ಬೇರೆ:
ನೀಲಿ ಮಖಮಲ್ಲಿನ ಗುಳಿಗಳಲ್ಲಿ ಫಿಜಿಯ ಹಳೆ ಶಿಲಿಂಗು,
ಹಾಯಿ ಬಿಚ್ಚಿ ಎಲ್ಲಿಗೂ ಹೋಗದ ದೋಣಿ,
ಆರು ಪೆನ್ನಿಯ ಮೇಲೊಂದು ಆಮೆ.
ನ್ಯೂಗಿನಿಯವು ಎರಡು, ನಟ್ಟನಡುವೆ ತೂತು.
‘ಹಗಲೆಲ್ಲ ತೂತು ಮುಚ್ಚುತ್ತೀರಿ,
ರಾತ್ರಿ ತೂತಿಗೇ ದುಡ್ಡು ಸುರಿಯುತ್ತೀರಿ’
ಅನ್ನುತ್ತಾಳೆ ನರ್ಸು ವಸೆಮಥಾ, ಕಸ ಗುಡಿಸುತ್ತ.

ಅಪಿಸಾಯಿ ಬಂದದ್ದು ಗುರುವಾರ. ವಯಸ್ಸು ಎಪ್ಪತ್ತರ ಮೇಲೆ.
ಎಡಗಡೆಯ ಕೆಳದವಡೆ, ಊದಿತ್ತು.
ಬಲಗೆನ್ನೆಯ ಒಳಗೆ ಮಾಂಸ ಜೋತು ಒಂದು ಚೀಲವಾಗಿದೆ.
ಇದೇನಜ್ಜ?
‘ಜೇಬು.’

ಹಡಗು ಬಂದ ದಿನ ಹುಡುಗರೆಲ್ಲ ನೀರಿಗೆ.
ಮೇಲಿಂದ ಟೋಪಿಯವರು ನಾಣ್ಯ ಎಸೆಯೋರು, ಇವರು ಮುಳುಗೋರು.
ಚಡ್ಡಿಗೆ ಜೇಬಿರಲಿಲ್ಲ (ಚಡ್ಡಿಯೇ ಇರಲಿಲ್ಲ ಅನ್ನಿ),
ಹೆಕ್ಕಿದ್ದೆಲ್ಲ ಕೆನ್ನೆಗೆ.
ಕಲಿಯೊಪಾತೆ ಒಮ್ಮೆ ನಕ್ಕು ಎರಡು ಶಿಲಿಂಗು ಕಳಕೊಂಡ,
ಆಮೇಲೆ ಅವನು ನಕ್ಕದ್ದನ್ನು ಬಂದರಿನಲ್ಲಿ ಯಾರೂ ಕಂಡಿಲ್ಲ.
ಕೆಲವರು ಪೆನ್ನಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಎಸೆಯೋರು.
‘ನೀರಲ್ಲಿ ಎಲ್ಲವೂ ಹೊಳೀತದೆ ಡಾಕ್ಟ್ರೇ,
ಬಾಯಿಗೆ ಬಿದ್ದ ಮೇಲೇ ಗೊತ್ತಾಗೋದು.’

ಸೂಜಿ ಚುಚ್ಚಿದ ಮೇಲೆ ಹತ್ತು ನಿಮಿಷ ಕಾಯಬೇಕು.
ಹೊತ್ತು ಹೋಗಲೆಂದು ಟ್ರೇ ತಂದೆ.
ಹಣ ಅಂದರೆ ಹೆಣವೂ ಬಾಯಿ ಬಿಡುತ್ತದಂತೆ;
ಈ ಕುರ್ಚಿಯಲ್ಲಿ ನಾನು ಹೇಳದೆ ಬಾಯಿ ಬಿಟ್ಟವನು ಇವನೊಬ್ಬನೇ.

ಅಂಚು ಹಿಡಿದೇ ಎತ್ತಬೇಕು, ಮೇಲೆ ಉಸಿರೂ ಬೀಳಬಾರದು.
ಇದು ನಮ್ಮವರ ಮಡಿ.
ಇಟ್ಟುಬಿಟ್ಟೆ ನಾಲಿಗೆಯ ಮೇಲೆ.
ಕಣ್ಣು ಮುಚ್ಚಿ ಹೇಳಿದ: ‘ಲಂಡನ್ನಿಂದು. ಅರ್ಧವೇ ಬೆಳ್ಳಿ.’
ಇನ್ನೊಂದು: ‘ಯುದ್ಧದ ಕಾಲದ್ದು, ಅಮೆರಿಕದಲ್ಲಿ ಹೊಡೆದದ್ದು,
ಇದು ಸಿಹಿ.’
ನಾಲ್ಕಕ್ಕೆ ನಾಲ್ಕೂ ಸರಿ.

ಐದನೆಯದು ಆಕ್ಲೆಂಡಿನ ಹರಾಜಿನಲ್ಲಿ
ಒಂದು ಫ್ರಿಜ್ಜಿನ ಬೆಲೆಗೆ ಕೊಂಡದ್ದು.
ಮನೆಯಲ್ಲಿ ಇನ್ನೂ ಹೇಳಿಲ್ಲ.
ಬಾಯಲ್ಲಿ ತಿರುಗಿಸಿದ. ಮತ್ತೆ ತಿರುಗಿಸಿದ.
‘ನಾಲಿಗೆ ಸತ್ತುಹೋಯ್ತು’ ಅಂದ,
ಅರ್ಧ ತುಟಿಯಲ್ಲಿ.

ಹಲ್ಲು ಕಿತ್ತೆ. ಎಡಕ್ಕೆ ಹತ್ತಿ ಇಟ್ಟೆ.
‘ವಿನಾಕ’ ಅಂದು ಮೆಟ್ಟಿಲಿಳಿದ.
ಕಿಟಕಿಯಿಂದ ನೋಡಿದರೆ
ಬಸ್‌ಸ್ಟ್ಯಾಂಡಿನ ಕಡೆ ಹೊರಟವನ ಬಲಗೆನ್ನೆಯೂ ಉಬ್ಬಿತ್ತು.
ಕೂಗಬಹುದಿತ್ತು.
ಕೂಗಲಿಲ್ಲ. ಯಾಕೋ.

ಒಂಬತ್ತು ದಿನ.
ಮಖಮಲ್ಲಿನ ಆ ಖಾಲಿ ಗುಳಿ
ಹೊಸದಾಗಿ ಹಲ್ಲು ಕಿತ್ತ ಜಾಗದ ಹಾಗೆ;
ಬೇಡವೆಂದರೂ ಗಮನ ಅಲ್ಲಿಗೇ ಹೋಗಿ ಹೋಗಿ ತಡವುತ್ತಿತ್ತು.

ಹತ್ತನೆಯ ಬೆಳಿಗ್ಗೆ ಬಂದ,
ಫೀಸಿಗೆಂದು ಎರಡು ಮೀನು, ಪೇಪರಿನಲ್ಲಿ ಸುತ್ತಿ.
ತೊಟ್ಟಿಗೆ ಬಗ್ಗಿ ಟಣ್ಣೆಂದು ಉಗುಳಿದ.
ನಾಲಿಗೆ ಬದುಕುವ ತನಕ ಕಾದನಂತೆ,
ಆಮೇಲೂ ಒಂದು ವಾರ, ಅನುಮಾನಕ್ಕೆ.
‘ಬೆಳ್ಳಿ ಕಾಗದ’ ಅಂದ.
ನಾನು ನಕ್ಕೆ. ಅವನು ನಗಲಿಲ್ಲ.
ವಸೆಮಥಾ ಮೀನು ಎತ್ತಿಕೊಂಡು ಒಳಗೆ ಹೋದಳು.

ತೊಳೆದು, ಒರೆಸಿ, ಅದರ ಗುಳಿಯಲ್ಲೇ ಇಟ್ಟಿದ್ದೇನೆ.
ದೀಪದ ಕೆಳಗೆ ದೋಣಿ ಚೆನ್ನಾಗಿಯೇ ಹೊಳೆಯುತ್ತದೆ.
ತಕ್ಕಡಿ ಎರಡನೇ ಡ್ರಾಯರಿನಲ್ಲಿದೆ,
ಎರಡು ನಿಮಿಷದ ಕೆಲಸ. ಇವತ್ತು ಬೇಡ,
ನಾಳೆ ನೋಡೋಣ ಅನ್ನುತ್ತ ಮಳೆಗಾಲ ಬಂತು.

ನೋವಿದ್ದೂ ಜನ ನನ್ನ ಹತ್ತಿರ
ಯಾಕಿಷ್ಟು ತಡವಾಗಿ ಬರುತ್ತಾರೆಂದು
ಬೈಯುತ್ತಿದ್ದೆ. ಈಗ ಬೈಯುವುದಿಲ್ಲ.