ಬಿಟ್ಟ ಬಿಳಿ

ಮೊದಲು ನೀರಿನ ಮಾತು.
ಚಿಂತಾಮಣಿಯ ಬೋರ್‌ವೆಲ್ಲಿನದು,
ಸಾವಿರದಿನ್ನೂರು ಅಡಿಯಿಂದ ಉಪ್ಪು ಹೊತ್ತೇ ಬರುತ್ತದೆ.
ಕಡುನೀಲಿ ಅದರಲ್ಲಿ ಒಡೆದ ಹಾಲಿನ ಹಾಗೆ
ತರಿತರಿಯಾಗಿ ಕಾಗದದ ಗುಳಿಗಳಿಗಿಳಿದು ಕೂರುತ್ತದೆ.
ವರ್ಗವಾಗಿ ಬಂದ ಹೊಸದರಲ್ಲಿ ಕ್ಯಾನು ನೀರು ತರಿಸುತ್ತಿದ್ದೆ.
ಈಗ ನಲ್ಲಿಯದೇ.
ಇಲ್ಲಿಯ ಆಕಾಶಕ್ಕೂ ತರಿ ಇದೆ, ಕ್ವಾರಿಯ ದೂಳು.
ನೀರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು.

ಒಂದು ಲೋಟ ಕುಂಚ ತೊಳೆಯಲಿಕ್ಕೆ,
ಒಂದು ಬಣ್ಣ ಕಲಸಲಿಕ್ಕೆ,
ಮೂರನೆಯದು ಕಾಫಿ.
ವಾರಕ್ಕೊಮ್ಮೆಯಾದರೂ ಕುಂಚ ದಾರಿ ತಪ್ಪಿ
ಕಾಫಿಗಿಳಿಯುತ್ತದೆ; ಕುಡಿದಿದ್ದೇನೆ, ಏನೂ ಆಗಿಲ್ಲ.

ಏಳನೇ ಕ್ಲಾಸಿನ ನಗೀನಾ ಕೇಳಿದಳು,
ಬಿಳಿ ಟ್ಯೂಬು ಯಾಕೆ ಮಿಸ್ ನೀವು ಒಡದೇ ಇಲ್ಲ?
ಬಿಳಿ ಹಚ್ಚೋದಲ್ಲ ಮಗು, ಬಿಡೋದು, ಅಂದೆ.
ಅಂದಮೇಲೆ ನಾಚಿಕೆಯಾಯಿತು,
ಆಫೀಸು ರೂಮಿನ ಸುಭಾಷಿತದ ಬೋರ್ಡೇ ಮಾತಾಡಿದಂತೆ.
ಆದರೂ ನಿಜ.
ಅಂಬಾಜಿ ದುರ್ಗದ ಬಂಡೆಯನ್ನು ನಾನು ಒಮ್ಮೆಯೂ ಬರೆದಿಲ್ಲ.
ಸುತ್ತ ಬರೆಯುತ್ತೇನೆ: ಲಂಟಾನ, ಸೀತಾಫಲದ ಗಿಡ,
ಮೇಕೆ, ಮೇಕೆಗಿಂತ ಉದ್ದದ ಅದರ ನೆರಳು.
ಉಳಿದದ್ದು ಬಂಡೆ.

ನನ್ನ ಬೆನ್ನಹಿಂದೆ ಬೀಡಿ ವಾಸನೆ.
ಕಲ್ಲು ಒಡೆಯುವ ದ್ಯಾವಪ್ಪ, ಎಷ್ಟು ಹೊತ್ತಿಂದ ನಿಂತಿದ್ದನೋ.
'ನಮ್ಮಪ್ಪನ ಕಾಲದಾಗೆ ಮದ್ದಿಲ್ಲ, ಮಿಷನ್ನಿಲ್ಲ.
ಸಾಲಾಗಿ ತೂತು ಕೊರೆದು
ಒಣಮರದ ಬೆಣೆ ಬಡಿದು
ಬೆಣೆಗೆ ನೀರು ಕುಡಿಸಿ
ಮನೆಗೋಗಿ ಮಲಗೋರು ಮೇಡಂ.
ಬೆಳಕರಿಯೋ ಹೊತ್ಗೆ ಕಲ್ಲು ತಾನೇ ಬಾಯ್ಬಿಡ್ತಿತ್ತು.
ನೀವು ತುಂಬಾ ಕೈ ಹಾಕ್ತೀರಿ.'

ಹನ್ನೊಂದು ವರ್ಷ ಪಾಠ ಮಾಡಿದವಳಿಗೆ
ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.
ಈಗ ಕಾಗದಕ್ಕೆ ನೀರೆರೆದು
ಕೈ ತೊಡೆಯಡಿ ಇಟ್ಟುಕೊಂಡು ಕೂರುತ್ತೇನೆ.
ಮೊದಲ ಹೊಳಪು ಹೋಗಬೇಕು,
ಎರಡನೆಯದು ಇನ್ನೂ ಇರಬೇಕು,
ಆ ನಡುವೆ ಒಂದೇ ತೊಟ್ಟು.
ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಸಂಜೆ.
ಬಹಳ ಸಲ ಕೆಡುತ್ತದೆ.
ಕೆಟ್ಟವುಗಳ ಬೆನ್ನಿಗೆ ಹಾಲಿನ ಲೆಕ್ಕ ಬರೆಯುತ್ತೇನೆ.

ಈ ಭಾನುವಾರ ಮುರುಗಮಲ್ಲದ ದಾರಿಗೆ ಹೋದೆ,
ಹೋದ ವರ್ಷದ ಜಾಗಕ್ಕೇ, ಅದೇ ಹುಣಸೆಯ ಬುಡಕ್ಕೆ.
ಎದುರಿಗೊಂದು ಗುಡ್ಡವಿತ್ತು, ಹೆಸರಿರಲಿಲ್ಲ ಅದಕ್ಕೆ,
ನಾನಂತೂ ಕೇಳಿರಲಿಲ್ಲ.
ಈಗ ಆಕಾಶ ನೆಲದವರೆಗೂ ಇಳಿದಿದೆ,
ಇಳಿದಲ್ಲಿ ಎರಡು ಟಿಪ್ಪರ್ ನಿಂತಿವೆ.
ದ್ಯಾವಪ್ಪನ ಮಗ ಅವುಗಳಲ್ಲೊಂದರ ಡ್ರೈವರ್ ಇರಬಹುದು,
ಕೈ ಬೀಸಿದ, ನಾನೂ ಬೀಸಿದೆ.

ಕಾಗದ ಒದ್ದೆ ಮಾಡಿದೆ. ಕಾದೆ.
ನೀಲಿ ಎಳೆಯುತ್ತ ಬಂದ ಕೈ
ಬಲಗಡೆ, ಆ ಹಳೆಯ ಏರಿನ ಹತ್ತಿರ ಬಂದು
ತಾನಾಗಿಯೇ ಸುತ್ತುಬಳಸಿ ಹೋಯಿತು.
ಬಂಡೆಯಷ್ಟು ಬಿಳಿ ಹಾಗೇ ಉಳಿಯಿತು.

ತಿದ್ದಬಹುದಿತ್ತು, ಒದ್ದೆ ಇನ್ನೂ ಇತ್ತು.

ಸ್ಕೂಟಿಯ ಸೀಟಿನ ಮೇಲೆ ಒಣಗಲಿಕ್ಕಿಟ್ಟಿದ್ದೇನೆ.
ಇರುವೆಯೊಂದು ನೀಲಿಯ ಅಂಚಲ್ಲಿ ನಿಂತು, ಮೂಸಿ,
ಬಿಳಿಯ ಕಡೆಗೆ ತಿರುಗಿ
ಗುಡ್ಡ ಹತ್ತುತ್ತಿದೆ.