ಮೂವತ್ತೆರಡು ಇಂಚಿನ ಕರಡು

ಮಾನಿಟರ್ ಸತ್ತದ್ದು ಲಗ್ನದ ಸೀಸನ್ನಿನ ನಟ್ಟನಡುವೆ,
ಬಾಣಾವರದವರ ಕಾರ್ಡಿನಲ್ಲಿ
ವರನ ಹೆಸರು ಮುಗಿದು ವಧುವಿನದು ಶುರುವಾಗುವಾಗ.
ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ,
ಆಮೇಲೆ ಕಪ್ಪು ಗಾಜಿನಲ್ಲಿ ನನ್ನದೇ ಮುಖ.

ರಿಪೇರಿಯವನು ಕೇಳಿದ್ದು ಹೊಸದರ ಮುಕ್ಕಾಲು ದುಡ್ಡು.
ನಡುಮನೆಯ ಗೋಡೆಗೆ ಟಿವಿ ಇತ್ತು.
ಕೇಬಲ್ಲು ನೂರೈವತ್ತಕ್ಕೆ ಸಿಕ್ಕಿತು ಬಿ.ಎಚ್. ರಸ್ತೆಯಲ್ಲಿ,
ಮೊಬೈಲ್ ಕವರುಗಳ ಹಿಂದೆ ನೇತುಹಾಕಿದ್ದರು.
ಹೀಗೆ ಅರಸೀಕೆರೆಯ ನಮ್ಮ ಡಿಟಿಪಿ ಅಂಗಡಿ
ಬೀದಿಕೋಣೆಯಿಂದ ಎದ್ದು
ಮಾವನ ಮಂಚದ ಎದುರಿಗೆ ಬಂದು ಕೂತಿತು.

ಟಿವಿಗೆ ಕುಣಿತ ಗೊತ್ತು, ಓದು ಬಾರದು.
ಮೊದಲ ದಿನ ನಾಲ್ಕೂ ಅಂಚು ನುಂಗಿತು:
ಮೇಲೆ ಗಣಪತಿಯ ಕಿರೀಟ, ಕೆಳಗೆ ಛತ್ರದ ವಿಳಾಸ,
ಎಡಕ್ಕೆ 'ಶ್ರೀಮತಿ'ಯಲ್ಲಿ ಶ್ರೀ.
ಬಾಣದ ಗುರುತು ನನ್ನ ಕೈಗಿಂತ ಒಂದು ಹೆಜ್ಜೆ ತಡ,
ಅಂಗಡಿಗೆ ಕಳಿಸಿದ ಮಗುವಿನ ಹಾಗೆ.
ಒತ್ತಕ್ಷರಗಳೆಲ್ಲ ಥಂಡಿ ಹಿಡಿದ ಸಕ್ಕರೆ.

ರಿಮೋಟಿನ ಹೊಟ್ಟೆಯೊಳಗೆಲ್ಲ ತಡಕಿದೆ.
ಕ್ರೀಡೆ ಅಂದರೆ ಹುಲ್ಲು ಹೆಚ್ಚು ಹಸಿರು,
ಸಿನಿಮಾ ಅಂದರೆ ಎಲ್ಲರಿಗೂ ಕಾಮಾಲೆ.
ಏಳು ಪದರ ಕೆಳಗೆ ಕೊನೆಗೊಂದು ಸಾಲು:
ಬಂದ ಚಿತ್ರ ಬಂದ ಹಾಗೆ.
ಇದ್ದದ್ದನ್ನು ಇದ್ದ ಹಾಗೆ ತೋರಿಸಲಿಕ್ಕೂ
ಅದಕ್ಕೆ ಹೇಳಿಕೊಡಬೇಕಿತ್ತು.
ಒತ್ತಿದೆ. ಗಣಪತಿಗೆ ಕಿರೀಟ ಬಂತು.

"ಸುಪುತ್ರಿಯ ರ ಒತ್ತು ಎಲ್ಲಮ್ಮಾ?"
ಮಂಚದ ಕಡೆಯಿಂದ.

ಮಾವ, ಪಾಲಾಕ್ಷಪ್ಪನವರು, ಮೂವತ್ತೊಂದು ವರ್ಷ
ಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು.
ಪ್ರೆಸ್ಸು ತೂಕಕ್ಕೆ ಹೋದ ಮೇಲೆ
ನನ್ನ ಕೆಲಸದತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.
ತಾತ್ಸಾರ ಅಂದುಕೊಂಡಿದ್ದೆ, ಎಂಟು ವರ್ಷ.
ಕಾಣುತ್ತಿರಲಿಲ್ಲ, ಅಷ್ಟೆ.
ಹದಿನೈದು ಇಂಚು ಅವರಿಗೆ ಬರೀ ಬೆಳಕಿನ ಹಲಗೆ.

ಅಲ್ಲಿಂದ ಏಳು ಗಂಟೆಯ ಧಾರಾವಾಹಿ ನಿಂತಿತು,
ಅತ್ತೆ ಪಕ್ಕದ ಮನೆಯಲ್ಲಿ ಅಳಲು ಹೋಗತೊಡಗಿದರು.
ಮಾವ ನೋಡಿದ್ದು ಹಾರನಹಳ್ಳಿಯ ಗೃಹಪ್ರವೇಶ,
ಕಣಕಟ್ಟೆಯ ಶಿವಗಣಾರಾಧನೆ,
ಕೊಬ್ಬರಿ ಮಂಡಿಯ ಬಿಲ್ಲು, ಐವತ್ತು ಹಾಳೆಯ ಪುಸ್ತಕ ಹತ್ತು.
"ತೀರಿಹೋದವರ ಸುತ್ತ ಇಷ್ಟು ಬಳ್ಳಿ ಯಾಕೆ?
ತೆಗಿ. ಒಂದು ಗೆರೆ ಸಾಕು."
ತೆಗೆದೆ. ಸಾಕಾಗಿತ್ತು.

ಒಂದು ಭಾನುವಾರ ಇಂಚರ
ಕೀಬೋರ್ಡಿನ ಮೇಲೆ ಮೊಣಕೈ ಊರಿದಳು,
ಪರದೆ ಮಗುಚಿಕೊಂಡಿತು.
ಗಣಪತಿ ಶೀರ್ಷಾಸನ, ಇಲಿ ಆಕಾಶದಲ್ಲಿ,
ಬಲಕ್ಕೆ ಎಳೆದರೆ ಎಡಕ್ಕೆ ಓಡುವ ಬಾಣ.
ಗಂಡಸಿಯಿಂದ ಬಂದ ಗಿರಾಕಿ ಕುತ್ತಿಗೆ ಸೊಟ್ಟ ಮಾಡಿ
"ಪ್ರಿಂಟು ಹಿಂಗೇ ಬರಾಕಿಲ್ಲ ತಾನೆ?" ಅಂದ.
ನಾನು ಬೆವರುತ್ತ ಒಂದೊಂದೇ ಕೀಲಿ ಒತ್ತುತ್ತಿದ್ದೆ.

ಮಾವ ಎದ್ದು ಕೂತರು.
ಗಂಟಲು ಸರಿಮಾಡಿಕೊಂಡು
ಓದತೊಡಗಿದರು.
ಕುಲದೇವರ ಹೆಸರಿನಿಂದ, ತಡವರಿಸದೆ,
ನೀರು ಹೊಯ್ದ ಹಾಗೆ.

ನಡುವೆ ಒಮ್ಮೆ ನಿಂತು:
"ಮೊಳೇಲಿ ಪೂರ್ತಿ ಹಿಂಗಲ್ಲ ಕಣಮ್ಮ.
ತಲೆ ಕೆಳಗೆ, ಆದ್ರೆ ಓದೋದು ಎಡದಿಂದಲೇ.
ಇದು ಬಲದಿಂದ ಬತ್ತಾ ಐತೆ.
ಪರವಾಗಿಲ್ಲ."
ಮತ್ತೆ:
"ಹದಿನಾಲ್ಕು ಬುಧವಾರ. ಗುರುವಾರ ಅಂತ ಹಾಕಿದೀಯ."

ಗಿರಾಕಿ ಕ್ಯಾಲೆಂಡರಿನ ಹತ್ತಿರ ಹೋಗಿ ಬಂದ.
ಬುಧವಾರವೇ.

ಆಗ ನೋಡಿದೆ, ಅವರ ಎಡಗೈ
ಎದೆಯ ಮಟ್ಟಕ್ಕೆ ಬಂದು ನಿಂತಿತ್ತು,
ಅಂಗೈ ತುಸು ಓರೆ,
ಸೀಸದ ಸಾಲೊಂದರ ಭಾರ ಹಿಡಿದ ಹಾಗೆ.
ಹೆಬ್ಬೆರಳು ಒಂದೊಂದೇ ಅಕ್ಷರವನ್ನು
ಹಿಂದಿನದಕ್ಕೆ ಒತ್ತಿ ಕೂರಿಸುತ್ತಿತ್ತು.

ಸರಿಮಾಡುವ ಕೀಲಿ ಅಷ್ಟರಲ್ಲಿ ನನಗೆ ಸಿಕ್ಕಿತ್ತು.
ಬೆರಳು ಅದರ ಮೇಲೆ ಇಟ್ಟುಕೊಂಡೇ ಕಾದೆ,
ಅವರು ಅತ್ತೆ ಮಾವಂದಿರನ್ನು, ಸೋದರತ್ತೆಯನ್ನು,
ಬಂಧುಮಿತ್ರರನ್ನು ದಾಟಿ
ಆಶೀರ್ವಾದವೇ ಉಡುಗೊರೆ
ಎಂಬಲ್ಲಿಗೆ ಬರುವವರೆಗೆ.